ಹೊರಜಗಲಿಯ ಮರ: ಮಾರಾಟದ ನಂತರದ ಹೊಣೆ

ಹುಣಸೂರು ಮರದ ವ್ಯಾಪಾರಕ್ಕೆ ಹೆಸರಾದ ಊರು. ಗಾವಡಗೆರೆ ಹೋಬಳಿಯೂ ಸೇರಿದಂತೆ ಈ ತಾಲ್ಲೂಕಿನ ಮರಗೆಲಸದವರಿಗೆ ತೋಟದ ಮನೆಗಳ, ಕಬಿನಿ ಹಿನ್ನೀರಿನ ರೆಸಾರ್ಟ್‌ಗಳ ಮರದ ಹೊರಜಗಲಿ ಒಳ್ಳೆಯ ಮಾರುಕಟ್ಟೆಯಾಗಬಲ್ಲದು. ಆದರೆ ಎರಡು ಮಳೆಗಾಲಗಳಲ್ಲಿ ಹಲಗೆ ಕಪ್ಪಾಗಿ ಬಿರಿದರೆ ಗ್ರಾಹಕನು ದೂರುವುದು ಮಾರಿದವನನ್ನೇ. ಮುಂದೆ ಆತ ಟೈಲ್ಸ್ ಅಂಗಡಿಗೆ ನಡೆಯುತ್ತಾನೆ.

ತೇಗದ ಚೇಗು ಬಾಳಿಕೆ ಬರುತ್ತದೆ. ಹೊರಸುತ್ತಿನ ಬಿಳಿಯ ಭಾಗಕ್ಕೆ ಐಎಸ್ 401 ಮಾನಕದಂತೆ ಸಂರಕ್ಷಣಾ ಉಪಚಾರ ಬೇಕು. ಹಸಿಮರಕ್ಕೆ ವಾರ್ನಿಷ್ ಬಳಿದರೆ ತೇವ ಒಳಗೇ ಉಳಿಯುತ್ತದೆ. ಒಣಗಿದ ಹಲಗೆಗೆ, ವಿಶೇಷವಾಗಿ ನೀರು ಹೆಚ್ಚು ಹೀರುವ ಕೊಯ್ದ ತುದಿಗಳಿಗೆ, ಎಣ್ಣೆ ಊಡಿಸಬೇಕು. ನೀರಿಳಿಯಲು ಹಲಗೆಗಳ ನಡುವೆ ಸಂದು ಬಿಡಬೇಕು. ಪ್ರತಿ ಬೇಸಿಗೆಯಲ್ಲಿ ತೊಳೆದು, ಒಣಗಿಸಿ, ಮತ್ತೆ ಎಣ್ಣೆ ಕೊಡಬೇಕು.

ಈ ವಾರ್ಷಿಕ ಸೇವೆಯ ದರವನ್ನು ವರ್ತಕರು ಮೊದಲ ಕೊಟೇಶನ್ನಿನಲ್ಲೇ ನಮೂದಿಸುವುದು ಒಳಿತು. ಬಡಗಿಗೆ ವರ್ಷವರ್ಷವೂ ಕೆಲಸ ದೊರೆಯುತ್ತದೆ, ಮರದ ಮೇಲೆ ಗ್ರಾಹಕನಿಟ್ಟ ನಂಬಿಕೆಯೂ ಉಳಿಯುತ್ತದೆ.