ಕಡೆಯ ಸಾಲಿನಲ್ಲಿ ಕುಳಿತು ಕೇಳಿ



ಇತ್ತೀಚೆಗೆ ರಾಯಚೂರಿನ ಒಂದು ಸಂಗೀತ ಕಾರ್ಯಕ್ರಮದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬ ಭೇಟಿಯಾದ. ದೇವದುರ್ಗದಲ್ಲಿ ನನ್ನ ಬಳಿ ವಿಜ್ಞಾನ ಕಲಿತವನು. ಈಗ ಧ್ವನಿವರ್ಧಕಗಳನ್ನು ಬಾಡಿಗೆಗೆ ಕೊಡುವ ಅಂಗಡಿ ಇಟ್ಟಿದ್ದಾನೆ. ಕುಶಲ ವಿಚಾರಿಸಿದರೆ "ಏನಂದ್ರಿ ಸರ್?" ಎಂದು ಮೂರು ಸಲ ಕೇಳಿದ. ಆಮೇಲೆ ತಾನೇ ನಕ್ಕು, "ಕಿವ್ಯಾಗ ಹಗಲೂ ರಾತ್ರಿ ಗುಂಯ್ ಅಂತೈತ್ರಿ ಸರ್, ನಮ್ಮ ಕೆಲಸಾನ ಅಂಥಾದ್ದು" ಎಂದ. ಅವನಿಗಿನ್ನೂ ನಲವತ್ತು ತುಂಬಿಲ್ಲ.

ನನಗೆ ನಗು ಬರಲಿಲ್ಲ. ಶಾಲೆಯ ವಾರ್ಷಿಕೋತ್ಸವದಂದು ಅವನನ್ನು ಮೈಕ್‌ಸೆಟ್ಟಿನ ಬಳಿ ಕೂರಿಸಿ, "ಊರಿಗೆಲ್ಲ ಕೇಳಿಸಬೇಕು, ಇನ್ನೂ ಏರಿಸು" ಎಂದವನು ನಾನೇ. ತರಗತಿಯಲ್ಲಿ ಡೆಸಿಬಲ್‌ನ ಪಾಠ ಮಾಡಿದವನು ಅಂಗಳಕ್ಕೆ ಬಂದಾಗ ಅದನ್ನು ಮರೆತಿದ್ದೆ. ಆ ಪಾಠವನ್ನು ಇಂದು ಪೂರ್ತಿಗೊಳಿಸುತ್ತಿದ್ದೇನೆ.

ದುಡಿಮೆಯ ಸ್ಥಳಗಳಿಗೆ ಅಮೆರಿಕದ ತಜ್ಞ ಸಂಸ್ಥೆಯೊಂದು ಹಾಕಿಕೊಟ್ಟ ಲೆಕ್ಕದ ಪ್ರಕಾರ, 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆಯವರೆಗೆ ಇರಬಹುದು. ಮೇಲೆ ಪ್ರತಿ 3 ಡೆಸಿಬಲ್ ಏರಿದಂತೆ ಕಾಲಾವಧಿ ಅರ್ಧವಾಗುತ್ತದೆ. 100 ಡೆಸಿಬಲ್ ಆದರೆ ಉಳಿಯುವುದು ಹದಿನೈದೇ ನಿಮಿಷ. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಕಚೇರಿಯಿಂದ ಕಚೇರಿಗೆ ಸ್ಪೀಕರಿನ ಪಕ್ಕದಲ್ಲೇ ನಿಲ್ಲುವ ಹುಡುಗನ ಗತಿಯನ್ನು ನೀವೇ ಊಹಿಸಿ.

ಇನ್ನು ಸಂಗೀತದ ಮಾತು. ಮಾನ್ವಿ ಜಗನ್ನಾಥದಾಸರ ಊರು. ಅದೇ ತಾಲ್ಲೂಕಿನ ಚೀಕಲಪರ್ವಿ ವಿಜಯದಾಸರದು. ಗೋಪಾಲದಾಸರು ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನವರು. ದಾಸರ ಪದಗಳಲ್ಲಿ ಸಾಹಿತ್ಯವೇ ಪ್ರಾಣ. ಆದರೆ ಇಂದಿನ ಎಷ್ಟೋ ಭಜನೆಗಳಲ್ಲಿ ತಬಲಾ ಗುಡುಗುತ್ತದೆ, ತಾಳ ಕಿವಿಗೆ ಚುಚ್ಚುತ್ತದೆ, ಸಾಹಿತ್ಯದ ಒಂದಕ್ಷರವೂ ತಿಳಿಯುವುದಿಲ್ಲ. ಸದ್ದು ಏರಿದಷ್ಟೂ ಹಾಡು ದೂರ ಸರಿಯುತ್ತದೆ.

ಹೀಗಾಗುವುದು ಯಾರ ದುರುದ್ದೇಶದಿಂದಲೂ ಅಲ್ಲ. ಗಾಯಕರಿಗೆ ತಮ್ಮ ಸ್ವರವೇ ಕೇಳಿಸದು. ಏರಿಸಲು ಸನ್ನೆ ಮಾಡುತ್ತಾರೆ. ಅದು ಏರಿದೊಡನೆ ತಬಲಾದವರೂ ಕೈ ಎತ್ತುತ್ತಾರೆ. ಈ ಪೈಪೋಟಿಯ ಕಡೆಗೆ ಸ್ಪೀಕರಿನ ಸದ್ದು ಮರಳಿ ಮೈಕಿಗೇ ನುಗ್ಗಿ ಕೀರಲು ಕೂಗಾಗುತ್ತದೆ. ಪರಿಹಾರ ಸರಳ: ಹಾಡು ಕೇಳಿಸದಿದ್ದರೆ ಮೊದಲು ವಾದ್ಯಗಳನ್ನು ಇಳಿಸಬೇಕು, ಹಾಡನ್ನು ಏರಿಸುವುದು ಆಮೇಲೆ.

ಎರಡನೆಯ ತಪ್ಪು ಸ್ಪೀಕರುಗಳ ಜಾಗದ್ದು. ಬಯಲಿನಲ್ಲಿ ದೂರ ಎರಡು ಪಟ್ಟಾದರೆ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆ. ವೇದಿಕೆಯ ಇಕ್ಕೆಲಗಳಲ್ಲಿ ಮಾತ್ರ ದೊಡ್ಡ ಪೆಟ್ಟಿಗೆಗಳನ್ನು ನಿಲ್ಲಿಸಿದರೆ, ಕಡೆಯ ಸಾಲಿಗೆ ಕೇಳಿಸುವ ಹೊತ್ತಿಗೆ ಮುಂದೆ ಕುಳಿತ ಮಕ್ಕಳ ಕಿವಿಗೆ ಪೆಟ್ಟಾಗಿರುತ್ತದೆ. ಮಧ್ಯದಲ್ಲೂ ಹಿಂದೆಯೂ ಚಿಕ್ಕ ಸ್ಪೀಕರುಗಳನ್ನಿಟ್ಟರೆ ಎಲ್ಲರಿಗೂ ಹಿತವಾಗಿ ಕೇಳಿಸುತ್ತದೆ. ನಿಯಂತ್ರಿಸುವವನೂ ವೇದಿಕೆಯ ಮಗ್ಗುಲನ್ನು ಬಿಟ್ಟು ಸಭಿಕರ ನಡುವೆ ಕುಳಿತಿರಬೇಕು. ಆಗಾಗ ಕಡೆಯ ಸಾಲಿಗೂ ಹೋಗಿ ಕೇಳಿ ಬರಬೇಕು.

"ಸದ್ದಿಲ್ಲದಿದ್ದರೆ ಜನ ಬರುವುದಿಲ್ಲ" ಎಂದು ಸಂಘಟಕರು ಹೇಳುತ್ತಾರೆ. ಬಂದವರು ಮಧ್ಯದಲ್ಲೇ ಎದ್ದು ಹೋಗುವುದನ್ನೂ ಅವರು ಗಮನಿಸಲಿ. 2000ದ ಶಬ್ದ ಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ ಹಾಕಿವೆ. ರಾತ್ರಿ ಹತ್ತರ ನಂತರ ಬಯಲಿನಲ್ಲಿ ಧ್ವನಿವರ್ಧಕವನ್ನು ನಿರ್ಬಂಧಿಸಿವೆ. ಇದು ನೆರೆಹೊರೆಯವರ ರಕ್ಷಣೆ. ಒಳಗೆ ಕುಳಿತವರ ಕಿವಿಗಾಗಿ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಮಾನದಂಡವೊಂದನ್ನು ಹೊರಡಿಸಿತು: ಸರಾಸರಿ ಸದ್ದು 100 ಡೆಸಿಬಲ್ ಮೀರಬಾರದು, ಅದನ್ನು ಅಳೆಯುತ್ತಿರಬೇಕು, ಕಿವಿಗೆ ರಕ್ಷಣೆ ದೊರೆಯಬೇಕು, ವಿಶ್ರಾಂತಿಗೆ ಸದ್ದು ಕಡಿಮೆಯಿರುವ ಜಾಗವಿರಬೇಕು. ದಾಸರ ಪದಕ್ಕೆ ಅಷ್ಟೂ ಬೇಡ, ಅದಕ್ಕಿಂತ ಬಹಳ ಕಡಿಮೆ ಸಾಕು.

ನಿಮ್ಮಲ್ಲಿ ಹಲವರು ಈಗ ಜಾತ್ರೆ, ಆರಾಧನೆ, ಗಣೇಶೋತ್ಸವಗಳ ಸಮಿತಿಗಳಲ್ಲಿದ್ದೀರಿ. ನನ್ನ ಕೋರಿಕೆ ಇಷ್ಟೇ: ಮೈಕಿನವನಿಗೆ "ಇನ್ನೂ ಏರಿಸು" ಎನ್ನುವ ಮುನ್ನ ನೀವೇ ಕಡೆಯ ಸಾಲಿಗೆ ಹೋಗಿ ಕುಳಿತು ಒಂದು ಪದ ಕೇಳಿ. ಸಾಹಿತ್ಯ ತಿಳಿದರೆ ಅಷ್ಟು ಸಾಕು. ದುಡಿಯುವ ಹುಡುಗರಿಗೆ ಕಿವಿಯಲ್ಲಿ ಇಟ್ಟುಕೊಳ್ಳುವ ಇಯರ್ ಪ್ಲಗ್ ಕೊಡಿಸಿ. ಅದರ ಖರ್ಚು ಒಂದು ಹೂವಿನ ಹಾರಕ್ಕಿಂತ ಹೆಚ್ಚಲ್ಲ.

ನನ್ನ ಶಿಷ್ಯ ಕಿವಿಯ ವೈದ್ಯರಲ್ಲಿಗೆ ಹೋಗಿಬರುವುದಾಗಿ ಮಾತು ಕೊಟ್ಟಿದ್ದಾನೆ. "ನಾನು ಹೇಳಿದ್ದು ತಪ್ಪಾಗಿತ್ತಪ್ಪ" ಎಂದು ಅವನ ಕಿವಿಯ ಬಳಿ ಬಾಗಿ, ಎರಡು ಸಲ ಹೇಳಿದೆ. ಎರಡನೆಯ ಸಲ ಅವನಿಗೆ ಕೇಳಿಸಿತು.