ಮಾವನವರ ಕಪಾಟಿನ ಚಕ್ರ

ನಾದಿನಿಯ ಮಗಳ ನಿಕಾಹ್ ನಮ್ಮ ಮನೆಯಲ್ಲೇ ಎಂದು ತೀರ್ಮಾನವಾದಾಗ, ತೀರಿಹೋದ ಮಾವನವರ ಕಪಾಟನ್ನೂ ಖಾಲಿ ಮಾಡಬೇಕಾಯಿತು. ಹಳೆಯ ರಶೀದಿಗಳ ಅಡಿಯಲ್ಲಿ ಒಂದು ಜೇಬು ಗಡಿಯಾರ ಸಿಕ್ಕಿತು. ಅತ್ತೆ ಊರಿಗೆ ಹೋಗಿದ್ದರು. ರಿಪೇರಿ ಮಾಡಿಸಿ ಕೊಟ್ಟರೆ ಸಂತೋಷಪಟ್ಟಾರು ಎಂದು ಕಂಕನಾಡಿ ಮಾರ್ಕೆಟ್ ಬಳಿಯ ಅಂಗಡಿಗೆ ಒಯ್ದೆ. ಅಂಗಡಿಯವರು ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಅಕ್ಕಾ, ಇದರಲ್ಲಿ ಸ್ಪ್ರಿಂಗೇ ಇಲ್ಲವಲ್ಲ!" ಎಂದು ನಕ್ಕರು.

ಆಗ ಸರಿಯಾಗಿ ನೋಡಿದೆ. ಅಂಕೆಗಳು 1ರಿಂದ ಹೊರಟು 9 ದಾಟಿ ಮತ್ತೆ 1ಕ್ಕೇ ಬರುತ್ತವೆ. 1 ಮತ್ತು 2ರ ನಡುವೆ ಅಂಗಳದಷ್ಟು ಜಾಗ, 8 ಮತ್ತು 9 ಮಾತ್ರ ಬಸ್ಸಿನ ಸೀಟಿನಲ್ಲಿ ಕೂತಂತೆ ಒತ್ತಿಕೊಂಡಿವೆ. ಮೇಲೆ ಫೌಲರ್, ಮ್ಯಾಂಚೆಸ್ಟರ್ ಎಂಬ ಹೆಸರು.

ಅದು ಗುಣಾಕಾರ, ಭಾಗಾಕಾರ ಮಾಡುವ ಸ್ಲೈಡ್ ರೂಲ್. ಉದ್ದನೆಯ ಪಟ್ಟಿಯ ಬದಲು ದುಂಡಗಿನದು. ವಿಲಿಯಂ ಹೆನ್ರಿ ಫೌಲರ್ ಎಂಬ ಇಂಜಿನಿಯರ್ 1898ರಲ್ಲಿ ಮ್ಯಾಂಚೆಸ್ಟರಿನಲ್ಲಿ ತಾಂತ್ರಿಕ ಪುಸ್ತಕಗಳ ಪ್ರಕಾಶನ ಆರಂಭಿಸಿದವರು. ಇಂಜಿನಿಯರುಗಳ ಜೇಬಿಗೆ ಕೈಪಿಡಿ ಕೊಟ್ಟವರು ಆಮೇಲೆ ಲೆಕ್ಕದ ಚಕ್ರವನ್ನೂ ಕೊಟ್ಟರು. ಉಪಾಯವೇನೋ ಹಳೆಯದು. 1630ರ ಹೊತ್ತಿಗೇ ಇಂಗ್ಲೆಂಡಿನಲ್ಲಿ ಔಟ್ರೆಡ್ ಎಂಬ ಪಾದ್ರಿಯೂ ಅವರ ಶಿಷ್ಯನಾಗಿದ್ದ ಡೆಲಮೈನ್ ಎಂಬವನೂ 'ಈ ಚಕ್ರ ಕಂಡುಹಿಡಿದದ್ದು ನಾನು' ಎಂದು ಜಗಳಾಡಿಕೊಂಡಿದ್ದರಂತೆ!

ನಿಮ್ಮ ಅಡುಗೆಮನೆಯ ಗಡಿಯಾರದಲ್ಲೇ ಇದನ್ನು ಅರ್ಥ ಮಾಡಿಕೊಳ್ಳಬಹುದು. 12ರ ಜಾಗದಲ್ಲಿ 1 ಇದೆ ಎಂದುಕೊಳ್ಳಿ. 18ನೇ ನಿಮಿಷದಲ್ಲಿ 2, 36ರಲ್ಲಿ 4, 54ರಲ್ಲಿ 8. ಎರಡು ನಾಲ್ಕಲೆ ಎಷ್ಟು? 18ಕ್ಕೆ 36 ಕೂಡಿಸಿ. 54 ಆಯಿತು, ಅಲ್ಲಿ 8 ಕಾದು ಕೂತಿದೆ! ದೂರಗಳನ್ನು ಕೂಡಿಸಿದರೆ ಸಂಖ್ಯೆಗಳು ಗುಣಿಸಿಕೊಳ್ಳುತ್ತವೆ. ನೇಪಿಯರ್ 1614ರಲ್ಲಿ ಪ್ರಕಟಿಸಿದ ಲಾಗರಿದಮ್ಮಿನ ಮಹಿಮೆ ಇದು. ಶಾಲೆಯಲ್ಲಿ ನಮ್ಮನ್ನು ಅಳಿಸಿದ ಅದೇ ಲಾಗರಿದಮ್!

ಆದರೆ ಈ ಚಕ್ರ ಸೊನ್ನೆ ಹೇಳುವುದಿಲ್ಲ. 15, 150, 1500 ಎಲ್ಲಕ್ಕೂ ಒಂದೇ ಜಾಗ. ಉತ್ತರ ಸುಮಾರು ಎಷ್ಟಿರಬೇಕೆಂದು ಲೆಕ್ಕ ಹಾಕುವವರಿಗೇ ತಿಳಿದಿರಬೇಕು. 1972ರಲ್ಲಿ 395 ಡಾಲರ್ ಬೆಲೆಯ ಎಚ್‌ಪಿ-35 ಎಂಬ ಜೇಬು ಕ್ಯಾಲ್ಕುಲೇಟರ್ ಬಂದ ಮೇಲೆ ಕೆಲವೇ ವರ್ಷಗಳಲ್ಲಿ ಸ್ಲೈಡ್ ರೂಲುಗಳು ಮೂಲೆ ಸೇರಿದವು.

ಊರಿಂದ ಅತ್ತೆ ಬಂದ ದಿನವೇ ನನ್ನ ಮಗ ಮೊಬೈಲಿನಲ್ಲಿ ನಿಕಾಹಿನ ಅಕ್ಕಿ ಲೆಕ್ಕ ಹಾಕುತ್ತಿದ್ದ. 120 ಜನ, ತಲೆಗೆ 125 ಗ್ರಾಂ. "150 ಕಿಲೋ" ಎಂದ. ಎಲ್ಲೋ ಒಂದು ಸೊನ್ನೆ ಹೆಚ್ಚು ಒತ್ತಿದ್ದ. ಅತ್ತೆ ವೀಳ್ಯದೆಲೆಯಿಂದ ತಲೆಯೆತ್ತದೆ, "ಹದಿನೈದು ಸಾಕು, ಇಡೀ ಕಂಕನಾಡಿಯನ್ನು ಕರೆದಿಲ್ಲ" ಎಂದರು.

ಅದೇ ನಗುವಿನ ಮಧ್ಯೆ ಚಕ್ರವನ್ನು ಅವರ ಕೈಯಲ್ಲಿಟ್ಟೆ. ನಗು ನಿಂತಿತು. ಮಾವ ಮರದ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಿದ್ದರು. ಕೊನೆಯ ಬಾರಿ ಕೆಲಸದಿಂದ ಬಂದು ಅದನ್ನು ಹಾಗೇ ಕಪಾಟಿನಲ್ಲಿಟ್ಟವರು ಮತ್ತೆ ತೆಗೆಯಲಿಲ್ಲವಂತೆ.

ಅತ್ತೆ ಗಾಜನ್ನು ಸೆರಗಿನಲ್ಲಿ ಒರೆಸಿ ಬಹಳ ಹೊತ್ತು ನೋಡಿದರು. "ಮುಳ್ಳು ಎಲ್ಲಿ ನಿಂತಿತ್ತು ಮಗಳೇ?" ಎಂದು ಕೇಳಿದರು.

ನನಗೆ ನೆನಪಿರಲಿಲ್ಲ.