ರೇಡಿಯೊ ಬದಲಿಸುವ ಮುನ್ನ ಲೆಕ್ಕ ಹಾಕಿ

ಎಲೆಕ್ಟ್ರಾನಿಕ್ಸ್ ಓದುವವರಲ್ಲಿ ಈಗ ಎಸ್‌ಡಿಆರ್ ಹುಚ್ಚು ಜೋರಾಗಿದೆ. ಎಸ್‌ಡಿಆರ್ ಅಂದರೆ ಸಾಫ್ಟ್‌ವೇರ್ ಡಿಫೈನ್ಡ್ ರೇಡಿಯೊ. ಹಿಂದೆ ಕಾಯಿಲ್, ಕೆಪಾಸಿಟರ್‌ಗಳು ಮಾಡುತ್ತಿದ್ದ ಬಹುಪಾಲು ಕೆಲಸವನ್ನು ಇಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಮಾಡುತ್ತದೆ. ಟಿ.ವಿ. ನೋಡಲೆಂದು ರಿಯಲ್‌ಟೆಕ್ ಚಿಪ್ ಹಾಕಿ ಮಾಡಿದ್ದ ಯುಎಸ್‌ಬಿ ಡಾಂಗಲ್ಲನ್ನೇ ರೇಡಿಯೊ ರಿಸೀವರ್ ಮಾಡಿಕೊಳ್ಳುವ ದಾರಿಯನ್ನು 2012ರಲ್ಲಿ ಹವ್ಯಾಸಿಗಳು ತೆರೆದ ಮೇಲೆ ಈ ವಿದ್ಯೆ ವಿದ್ಯಾರ್ಥಿಗಳ ಕೈಗೆ ಎಟುಕಿತು. ಎಫ್‌ಎಂ ಕೇಳಬಹುದು. ತಲೆಯ ಮೇಲೆ ಹಾರುವ ವಿಮಾನ 1090 ಮೆಗಾಹರ್ಟ್ಸ್‌ನಲ್ಲಿ ಕಳಿಸುವ ತನ್ನ ಎತ್ತರ, ವೇಗವನ್ನು ಓದಬಹುದು.

ಆದರೆ ಫೈನಲ್ ಇಯರ್ ಪ್ರಾಜೆಕ್ಟ್ ಬಂತೆಂದರೆ ಎಲ್ಲರದೂ ಒಂದೇ ಮಾತು: ‘ಈ ಡಾಂಗಲ್ ಸಾಲದು, ದೊಡ್ಡದು ಬೇಕು’. ನಾಲ್ಕು ಜನ ದುಡ್ಡು ಹಾಕುತ್ತಾರೆ, ಮನೆಯಲ್ಲಿ ಕಾಡಿ ಬೇಡಿ ತರುತ್ತಾರೆ. ಹೊಸ ಪೆಟ್ಟಿಗೆ ಬಂದರೂ ಸಿಗ್ನಲ್ ಮಾತ್ರ ಅದೇ ಗೊರಗೊರ. ಕುಣಿಯಲಾರದವಳು ನೆಲ ಡೊಂಕು ಎಂದಂತೆ ನಾವು ಪೆಟ್ಟಿಗೆಯನ್ನು ದೂರುತ್ತೇವೆ. ಎಷ್ಟೋ ಸಲ ತೊಂದರೆ ಇರುವುದು ಪೆಟ್ಟಿಗೆಯ ಎರಡು ತುದಿಯ ಜೋಡಣೆಯಲ್ಲಿ: ಒಂದು ಕಡೆ ಆಂಟೆನಾ, ಇನ್ನೊಂದು ಕಡೆ ಕಂಪ್ಯೂಟರ್. ಅದನ್ನು ನೋಡದೆ ದುಡ್ಡು ಬಿಚ್ಚಬಾರದು ಎಂಬುದು ನನ್ನ ವಾದ.

ಕಂಪ್ಯೂಟರ್ ಕಡೆಯಿಂದ ಶುರುಮಾಡೋಣ. ರಿಸೀವರ್ ತೆಗೆಯುವ ಪ್ರತಿ ಸ್ಯಾಂಪಲ್‌ನಲ್ಲಿ ಐ, ಕ್ಯೂ ಎಂಬ ಎರಡು ಸಂಖ್ಯೆಗಳಿರುತ್ತವೆ. ಡಾಂಗಲ್‌ನಲ್ಲಿ ಒಂದೊಂದೂ 8 ಬಿಟ್, ಅಂದರೆ ಒಂದು ಸ್ಯಾಂಪಲ್‌ಗೆ 2 ಬೈಟ್. ಸೆಕೆಂಡಿಗೆ 24 ಲಕ್ಷ ಸ್ಯಾಂಪಲ್ ಎಂದರೆ 4.8 ಮೆಗಾಬೈಟ್. ಇನ್ನು ಹ್ಯಾಕ್‌ಆರ್‌ಎಫ್ ಒನ್ ಸೆಕೆಂಡಿಗೆ 2 ಕೋಟಿ ಸ್ಯಾಂಪಲ್ ಕೊಡಬಲ್ಲದು. ಅದು 40 ಮೆಗಾಬೈಟ್ ಆಯಿತು. ಯುಎಸ್‌ಬಿ 2.0 ವೇಗ ಕಾಗದದ ಮೇಲೆ ಸೆಕೆಂಡಿಗೆ 480 ಮೆಗಾಬಿಟ್, ಅಂದರೆ 60 ಮೆಗಾಬೈಟ್. ಬಳಕೆಯಲ್ಲಿ ಕೈಗೆ ಸಿಗುವುದು 40ರ ಆಸುಪಾಸು. ಅದೇ ಹಬ್‌ಗೆ ಹಾರ್ಡ್‌ಡಿಸ್ಕ್ ಕೂಡ ಚುಚ್ಚಿದರೆ ಸ್ಯಾಂಪಲ್‌ಗಳು ಉದುರಿ ಹೋಗದೆ ಏನಾದೀತು? ಲ್ಯಾಪ್‌ಟಾಪಿನ ನೀಲಿ ಪೋರ್ಟಿಗೆ ಹಾಕಿದರೂ ಈ ಸಾಧನದ ವೇಗ ಹೆಚ್ಚದು. ಏಕೆಂದರೆ ಹ್ಯಾಕ್‌ಆರ್‌ಎಫ್ ತಾನೇ ಯುಎಸ್‌ಬಿ 2.0. ಮಾಳಿಗೆಯ ಮೇಲೆ ಎಷ್ಟು ದೊಡ್ಡ ಟ್ಯಾಂಕ್ ಕೂರಿಸಿದರೂ ನಲ್ಲಿಗೆ ಬರುವ ಪೈಪು ಅರ್ಧ ಇಂಚಿನದೇ ಆಗಿದ್ದರೆ ನೀರು ಅಷ್ಟೇ ಬರುತ್ತದೆ.

ಈಗ ಆಂಟೆನಾ ಕಡೆ. ಇಂದಿನ ಹೆಚ್ಚಿನ ರಿಸೀವರ್‌ಗಳಲ್ಲಿ ಇರುವುದು ಎಸ್‌ಎಂಎ ಕನೆಕ್ಟರ್. ವೈಫೈ ರೂಟರ್‌ನ ಆಂಟೆನಾದಲ್ಲಿ ಸಾಮಾನ್ಯವಾಗಿ ಇರುವುದು ಆರ್‌ಪಿ–ಎಸ್‌ಎಂಎ. ತಿರುಗಿಸಿದರೆ ಥ್ರೆಡ್ ಚೆನ್ನಾಗಿಯೇ ಕೂರುತ್ತದೆ, ಆದರೆ ನಡುವಿನ ಪಿನ್ ಇರುವುದಿಲ್ಲ. ಸಂಪರ್ಕವೇ ಆಗದ ಮೇಲೆ ಲಕ್ಷ ರೂಪಾಯಿಯ ರೇಡಿಯೊ ಇದ್ದರೂ ಕಿವುಡೇ. ಇದಕ್ಕೆ ಉಲ್ಟಾ ಭಯವೂ ಒಂದಿದೆ: ಟಿ.ವಿ. ಕೇಬಲ್ 75 ಓಮ್, ರಿಸೀವರ್ 50 ಓಮ್, ಹೊಂದುವುದಿಲ್ಲ ಎಂಬುದು. ಲೆಕ್ಕ ಮಾಡಿ ನೋಡಿ, ಆ ಜೋಡಣೆಯಲ್ಲಿ ಹಿಂದಿರುಗುವ ಶಕ್ತಿ ಶೇ 4 ಮಾತ್ರ. ಬರೀ ಕೇಳುವ ಕೆಲಸಕ್ಕೆ ಆ ಅಗ್ಗದ ಕೇಬಲ್ ಧಾರಾಳ ಸಾಕು.

ಹಾಗಾದರೆ ದೊಡ್ಡ ಸಾಧನ ಬೇಡವೇ ಬೇಡವೆ? ಬೇಕು, ಕೆಲಸ ಕೇಳಿದಾಗ. ಎಲ್‌ಟಿಇಯ 20 ಮೆಗಾಹರ್ಟ್ಸ್ ಚಾನೆಲ್ಲನ್ನು ಪೂರ್ತಿ ಹಿಡಿಯಲು ಸಾಮಾನ್ಯವಾಗಿ ಬಳಸುವ ದರ ಸೆಕೆಂಡಿಗೆ 3.07 ಕೋಟಿ ಸ್ಯಾಂಪಲ್. 16 ಬಿಟ್ ಲೆಕ್ಕದಲ್ಲಿ 120 ಮೆಗಾಬೈಟ್ ದಾಟುತ್ತದೆ. ಇದಕ್ಕೆ ಯುಎಸ್‌ಬಿ 3.0 ಇರುವ ಯುಎಸ್‌ಆರ್‌ಪಿ ಬಿ210ನಂಥದ್ದೇ ಆಗಬೇಕು. ಅದಕ್ಕೂ ಅದರದೇ ರಗಳೆಯಿದೆ: ಯುಎಸ್‌ಬಿ 3.0 ಕೇಬಲ್‌ಗಳು 2.4 ಗಿಗಾಹರ್ಟ್ಸ್ ಆಸುಪಾಸಿನಲ್ಲಿ ಗದ್ದಲ ಎಬ್ಬಿಸುತ್ತವೆಂದು ಇಂಟೆಲ್ 2012ರಲ್ಲೇ ತೋರಿಸಿಕೊಟ್ಟಿದೆ. ಆದರೆ ಎಫ್‌ಎಂಗೆ, ವಿಮಾನದ ಸಂಕೇತಕ್ಕೆ ಡಾಂಗಲ್ ಸಾಕು. ಒಂದು ಎಫ್‌ಎಂ ಕೇಂದ್ರದ ಅಗಲ ಸುಮಾರು 200 ಕಿಲೋಹರ್ಟ್ಸ್ ಅಷ್ಟೇ.

ಕಾಲೇಜುಗಳಿಗೂ ಒಂದು ಮಾತು. ಬೀರುವಿನೊಳಗೆ ಬೀಗ ಹಾಕಿಟ್ಟ, ‘ಮುಟ್ಟಬೇಡಿ’ ಎಂಬ ಒಂದು ದುಬಾರಿ ಕಿಟ್‌ಗಿಂತ ಇಬ್ಬರಿಗೊಂದರಂತೆ ಡಾಂಗಲ್ ಕೊಡಿ. ಗ್ನೂ ರೇಡಿಯೊ ತಂತ್ರಾಂಶಕ್ಕೆ ಕಾಸಿಲ್ಲ. ಕೆಟ್ಟರೆ ಕೆಡಲಿ, ಕೈ ಪಳಗುತ್ತದೆ.

ಕೆಲಸ ಹುಡುಕುವ ಗೆಳೆಯರೇ, ಬೆಂಗಳೂರಿನ ಬಿಇಎಲ್ ಸೇನೆಗಾಗಿ ಇಂಥ ರೇಡಿಯೊಗಳನ್ನು ತಯಾರಿಸುತ್ತದೆ. ಈ ಕ್ಷೇತ್ರದ ಖಾಸಗಿ ಕಂಪನಿಗಳೂ ನಮ್ಮಲ್ಲಿವೆ. ರೆಸ್ಯೂಮೆಯಲ್ಲಿ ದುಬಾರಿ ಬೋರ್ಡಿನ ಹೆಸರು ಬರೆಯುವುದು ಸುಲಭ. ‘ಸ್ಯಾಂಪಲ್ ಯಾಕೆ ಉದುರಿತು?’ ಎಂದು ಎದುರಿಗೆ ಕೂತವರು ಕೇಳಿದಾಗ ಆ ಹೆಸರು ಕೈಹಿಡಿಯುವುದಿಲ್ಲ. ಬಿಟ್, ಸ್ಯಾಂಪಲ್, ಪೋರ್ಟಿನ ವೇಗ ಮೂರನ್ನೂ ಹಾಳೆಯ ಮೇಲೆ ಗುಣಿಸಿ ತೋರಿಸಿದರೆ ಉತ್ತರ ತಾನಾಗಿ ಬರುತ್ತದೆ. ಅದನ್ನು ಕಲಿಯಲು ಅಪ್ಪನ ಹತ್ತಿರ ದುಡ್ಡು ಕೇಳಬೇಕಾಗಿಲ್ಲ.